ಮನೆಯಲ್ಲಿ ಮಾಡಿದ ಜಪಾನಿನ ಚಿಕನ್ ಕರಾಗೆ ಗರಿಗರಿಯಾಗಿ ಬರುವುದಿಲ್ಲ, ಯಾಕೆ?

ಕರಾಗೆ ಅಂದರೆ ಸೋಯಾ ಸಾಸ್‌ನಲ್ಲಿ ನೆನೆಸಿ, ಪಿಷ್ಟ ಹಚ್ಚಿ ಕರಿದ ಚಿಕನ್ ತುಂಡುಗಳು. ನೀವು ಚಿಕನ್ ಬ್ರೆಸ್ಟ್ ತಂದು, ಸೋಯಾ ಸಾಸ್‌ನಲ್ಲಿ ರಾತ್ರಿಯೆಲ್ಲ ನೆನೆಸಿ, ಮೈದಾ ಹಚ್ಚಿ ಕರಿದಿದ್ದೀರಿ. ಒಳಗೆ ಒಣಗಿತ್ತು, ಹೊರಗೆ ಸ್ವಲ್ಪ ಹೊತ್ತಿಗೇ ಮೆತ್ತಗಾಯಿತು ಅಂತೀರಿ. ಮೂರನ್ನೂ ಬದಲಾಯಿಸಿ.

ಮೊದಲು ಆ ರಾತ್ರಿಯೆಲ್ಲ ನೆನೆಸುವುದನ್ನು ಬಿಡಿ. ಮೊಸರು, ಮಸಾಲೆ ಹಚ್ಚಿ ಮರುದಿನ ಮಾಡುವುದು ನಮಗೆ ರೂಢಿ. ಸೋಯಾ ಸಾಸ್‌ಗೆ ಅದು ನಡೆಯುವುದಿಲ್ಲ. ಅದರಲ್ಲಿ ಉಪ್ಪು ಜಾಸ್ತಿ. ತುಂಬಾ ಹೊತ್ತು ಬಿಟ್ಟರೆ ಮಾಂಸ ಬಿಗಿಯಾಗುತ್ತದೆ, ಕರಿಯುವಾಗ ಬೇಗ ಕಪ್ಪಾಗುತ್ತದೆ. ಅರ್ಧ ಗಂಟೆ ಸಾಕು.

ಅಂಗಡಿಯಲ್ಲಿ ಲೆಗ್ ಬೋನ್‌ಲೆಸ್ ಕೇಳಿ. ಚರ್ಮ ತೆಗೆಯಬೇಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ನಮ್ಮ ಕಡೆ ಸುಲಿದೇ ಕೊಡುತ್ತಾರೆ. ತೊಡೆಯ ಮಾಂಸದಲ್ಲಿ ಕೊಬ್ಬಿರುವುದರಿಂದ ಎರಡು ಸಲ ಕರಿದರೂ ಒಣಗುವುದಿಲ್ಲ. ಅರ್ಧ ಕೆಜಿಗೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಸಾಕೆ (ಅಕ್ಕಿಯಿಂದ ಮಾಡುವ ಜಪಾನಿ ಮದ್ಯ), ತುರಿದ ಶುಂಠಿ ಒಂದು ಚಿಕ್ಕ ಚಮಚ, ಒಂದು ಎಸಳು ಬೆಳ್ಳುಳ್ಳಿ. ಅಷ್ಟೇ. ಖಾರದ ಪುಡಿ, ಕರಿಬೇವು ಹಾಕಿದರೆ ಅದು ನಮ್ಮ ಕಬಾಬ್ ಆಗುತ್ತದೆ. ಕಬಾಬ್ ನನಗೂ ಇಷ್ಟವೇ, ಆದರೆ ನೀವು ಕೇಳಿದ್ದು ಅದಲ್ಲ ಅಲ್ವಾ?

ಗೋಬಿ ಮಂಚೂರಿಗೆ ಹಾಕುವ ದಪ್ಪ, ಕಪ್ಪು ಸೋಯಾ ಸಾಸ್ ಇಲ್ಲಿ ಬೇಡ. ತೆಳ್ಳಗಿನ ಜಪಾನಿ ಸಾಸ್ ತನ್ನಿ.

ಮೈದಾ ಬದಲು ಆಲೂಗಡ್ಡೆಯ ಪಿಷ್ಟ, ಅಂದರೆ ಪೊಟ್ಯಾಟೊ ಸ್ಟಾರ್ಚ್. ಸಿಗದಿದ್ದರೆ ಕಾರ್ನ್‌ಫ್ಲೋರ್ ನಡೆಯುತ್ತದೆ, ಗರಿ ಸ್ವಲ್ಪ ಕಡಿಮೆ. ತುಂಡುಗಳನ್ನು ಸಾಸ್‌ನಿಂದ ಎತ್ತಿ, ಸೋರಲು ಬಿಟ್ಟು, ಕರಿಯುವ ಮುಂಚೆಯಷ್ಟೇ ಪಿಷ್ಟದಲ್ಲಿ ಹೊರಳಿಸಿ. ಬಜ್ಜಿ ಹಿಟ್ಟಿನ ಹಾಗೆ ಕಲಸಬಾರದು. ಅಲ್ಲಲ್ಲಿ ಬಿಳಿ ಪುಡಿ ಒಣಗಿಯೇ ಅಂಟಿಕೊಂಡಿರಬೇಕು, ಆ ಜಾಗವೇ ಆಮೇಲೆ ಕುರುಕುರು ಅನ್ನುವುದು.

ಇನ್ನು ಕರಿಯುವುದು. ಎಣ್ಣೆ 160 ಡಿಗ್ರಿಗೆ ಬರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಮರದ ಕಡ್ಡಿ ಅದ್ದಿ ನೋಡಿ, ಸುತ್ತ ಸಣ್ಣ ಗುಳ್ಳೆ ನಿಧಾನವಾಗಿ ಏಳಬೇಕು. ನಾಲ್ಕು ಸೆಂಟಿಮೀಟರ್ ತುಂಡಾದರೆ ಮೂರು ನಿಮಿಷ. ಬಾಣಲೆ ತುಂಬ ಒಟ್ಟಿಗೇ ಸುರಿಯಬೇಡಿ, ಎಣ್ಣೆ ತಣ್ಣಗಾಗಿ ಹಿಟ್ಟು ಎಣ್ಣೆ ಕುಡಿಯುತ್ತದೆ. ಬಣ್ಣ ಇನ್ನೂ ತಿಳಿಯಾಗಿರುವಾಗಲೇ ತೆಗೆದು, ತಂತಿ ಜಾಲರಿಯ ಮೇಲೆ ನಾಲ್ಕು ನಿಮಿಷ ಇಡಿ. ಒಳಗಿನ ಬಿಸಿಯಲ್ಲೇ ಮಾಂಸ ಬೇಯುತ್ತಿರುತ್ತದೆ, ಅದರ ನೀರು ಹೊರಗಿನ ಪದರಕ್ಕೆ ಬರುತ್ತದೆ. ಈಗ ಉರಿ ಜೋರು ಮಾಡಿ, 190 ಡಿಗ್ರಿಯಲ್ಲಿ ಇನ್ನೊಂದು ನಿಮಿಷ. ಚಟಪಟ ಸದ್ದು ಜೋರಾಗಿ ಶುರುವಾಗುತ್ತದೆ, ಆ ನೀರು ಹಾರಿಹೋಗುತ್ತಿರುವ ಸದ್ದು ಅದು. ನಿಮ್ಮ ಕರಾಗೆ ಮೆತ್ತಗಾಗಲು ಈ ಎರಡನೇ ಸಲ ಇಲ್ಲದ್ದೂ ಒಂದು ಕಾರಣ. ದೊಡ್ಡ ತುಂಡೊಂದನ್ನು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ತೋರಿಸಬೇಕು. ಟಿಶ್ಯೂ ಪೇಪರ್ ಮೇಲೆ ಗುಡ್ಡೆ ಹಾಕಬೇಡಿ, ತಳದವು ಹಬೆಗೆ ಮೆತ್ತಗಾಗುತ್ತವೆ.

ನಿಂಬೆಹಣ್ಣಿನ ಹೋಳು, ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸು ಜೊತೆಗಿರಲಿ. ಉಳಿದರೆ ಮರುದಿನ ಡಬ್ಬಿಗೆ ಹಾಕಿ. ಜಪಾನಿನಲ್ಲಿ ಬೆಂಟೊ, ಅಂದರೆ ಬುತ್ತಿ ಡಬ್ಬಿಯ ಕರಾಗೆಯನ್ನು ತಣ್ಣಗೇ ತಿನ್ನುತ್ತಾರೆ.

ಸಾಕೆ ಬದಲು ಏನು ಅಂತಲೂ ಕೇಳಿದ್ದೀರಿ. ಸಿಹಿ ಇಲ್ಲದ ವೈಟ್ ವೈನ್ ಆಗುತ್ತದೆ. ಮನೆಯಲ್ಲಿ ಮದ್ಯ ಬೇಡ ಅಂದರೆ ಸುಮ್ನೆ ಬಿಟ್ಟುಬಿಡಿ, ಶುಂಠಿ ಸ್ವಲ್ಪ ಹೆಚ್ಚು ಹಾಕಿ. ವಿನೆಗರ್ ಮಾತ್ರ ಬೇಡ.