ಹೆಪಟೈಟಿಸ್ ಸಿ ಇದ್ದವರು ಹಬ್ಬಕ್ಕೊಂದು ಲೋಟ ಮನೆ ವೈನ್ ಕುಡಿಯಬಹುದಾ? ನೆಂಟರಿಗೆ ಏನು ನೆಪ ಹೇಳಲಿ?

ಗ್ಯಾಸ್ಟ್ರಿಕ್ ಅಂತ ಮಾತ್ರ ಹೇಳಬೇಡಿ. ನಾನು ಹೇಳಿದ ನೆಪ ಅದೇ. ಕೆಟ್ಟಿದ್ದೂ ಅದರಿಂದಲೇ.

2016ರಲ್ಲಿ ಭಾವನ ಆಪರೇಷನ್‌ಗೆ ರಕ್ತ ಕೊಡಲು ಮೈಸೂರಿಗೆ ಹೋಗಿದ್ದೆ. ಆಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು, ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ, ಲಿವರ್ ಕೆಡಿಸುವ ವೈರಸ್ಸು ಅಂತ. ಮೈಯಲ್ಲಿ ಒಂದು ತೊಂದರೆಯೂ ಇರಲಿಲ್ಲ. 1991ರಲ್ಲಿ ಜೀಪು ಮಗುಚಿ ತೊಡೆ ಮುರಿದಾಗ ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದೆ, ಅಲ್ಲಿಂದಲೇ ಬಂದಿರಬೇಕು ಅಂದರು ಡಾಕ್ಟರು. ಈ ವೈರಸ್ಸು ಪತ್ತೆಯಾಗಿದ್ದೇ 1989ರಲ್ಲಿ. ಇಪ್ಪತ್ತೈದು ವರ್ಷ ಒಳಗೇ ಸುಮ್ನೆ ಕೂತಿತ್ತು. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್‌ನಲ್ಲಿ 8.2 ಬಂತು. ಕುಡಿಯುವುದನ್ನು ಪೂರ್ತಿ ಬಿಡಿ, ಮಾತ್ರೆ ಶುರು ಮಾಡೋಣ ಅಂದರು. ಕಾಫಿ ಕುಯ್ಲು ಮುಗಿಯಲಿ ಅಂದೆ ನಾನು.

ಕಾಯಿಲೆಯ ಹೆಸರು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಲಿವರ್ ಅಂದರೆ ಕುಡುಕ ಅಂತಾರೆ, ವೈರಸ್ ಅಂದರೆ ತಟ್ಟೆ ಬೇರೆ ಇಡ್ತಾರೆ ಅನ್ನುವ ಭಯ.

ಆ ವರ್ಷದ ಕೈಲ್ ಮುಹೂರ್ತ ಬಂತು, ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ. ಕೋವಿ ಪೂಜೆ ಮುಗಿದು ಎಲ್ಲರೂ ಕೂತೆವು. ಮಾವ ಮಾಜಿ ಸೈನಿಕರು, ಕ್ಯಾಂಟೀನ್ ರಮ್ ತಂದಿದ್ದರು. ನಾನು ಲೋಟಕ್ಕೆ ಕೈ ಅಡ್ಡ ಹಿಡಿದು, "ಗ್ಯಾಸ್ಟ್ರಿಕ್ ಮಾವ, ಬೇಡ" ಅಂದೆ. ಒಳಗಿನಿಂದ ದೊಡ್ಡಮ್ಮ ಕೇಳಿಸಿಕೊಂಡರು. "ಗ್ಯಾಸ್ಟ್ರಿಕ್‌ಗೆ ರಮ್ ಆಗಲ್ಲ ಮಗಾ. ಶುಂಠಿ ವೈನ್ ಕುಡಿ, ಹೊಟ್ಟೆಗೆ ಒಳ್ಳೇದು."

ಈಗ ಹೇಳಿ, ಏನಂತ ಬೇಡ ಅನ್ನೋದು? ನಾನು ಹೇಳಿದ ಕಾಯಿಲೆಗೆ ಅವರು ಮದ್ದು ಕೊಟ್ಟಿದ್ದರು. ನಿಜ ಹೇಳಿದ್ದರೆ ಆ ಭರಣಿಯನ್ನೇ ಮುಚ್ಚಿಡುತ್ತಿದ್ದರು. ಕುಡಿದೆ. ಸುಗ್ಗಿ ಹಬ್ಬ ಹುತ್ತರಿಗೆ ಮತ್ತೆ ಕುಡಿದೆ. ದೊಡ್ಡಮ್ಮ ಎರಡು ಬಾಟಲಿ ಮನೆಗೇ ಕಟ್ಟಿಕೊಟ್ಟರು. ಆಟಿ ತಿಂಗಳ ಮಳೆಯಲ್ಲಿ ಊಟದ ಮೊದಲು ಒಂದು ಲೋಟ ರೂಢಿಯಾಯಿತು. ನಮ್ಮ ಕಡೆ ವೈನ್ ಅನ್ನು ಯಾರೂ ಕುಡಿತ ಅನ್ನುವುದಿಲ್ಲ ಅಲ್ವಾ? ಅಜ್ಜಿಯಂದಿರು ಮಾಡುತ್ತಾರೆ, ಮಡಿಕೇರಿಯ ಅಂಗಡಿಯಲ್ಲಿ ಜೇನು, ಕರಿಮೆಣಸಿನ ಪಕ್ಕದಲ್ಲೇ ಇಟ್ಟಿರುತ್ತಾರೆ. ನನ್ನ ತಲೆಯಲ್ಲೂ ಅದು ಟಾನಿಕ್ ಲೆಕ್ಕ. ರಮ್ ಒಂದು ಹನಿ ಮುಟ್ಟಲಿಲ್ಲ ಅಂತ ಒಳಗೊಳಗೇ ಹೆಮ್ಮೆ ಬೇರೆ.

2018ರಲ್ಲಿ ಅದೇ ಸ್ಕ್ಯಾನ್ 13.6 ತೋರಿಸಿತು. ಈ ಕಾಯಿಲೆಯಲ್ಲಿ 12.5 ದಾಟಿದರೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಡುಸಾಗಿದೆ ಅಂತ ಲೆಕ್ಕ. ಡಾಕ್ಟರು "ಕುಡಿಯುತ್ತಿಲ್ಲ ತಾನೇ?" ಅಂದರು. "ಇಲ್ಲ ಸಾರ್" ಅಂದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೆಲ್ಲಗೆ, "ದೊಡ್ಡಮ್ಮನ ವೈನ್ ಬಿಟ್ಟು" ಅಂದಳು.

ಡಾಕ್ಟರು ಚೀಟಿಯ ಹಿಂದೆ ಲೆಕ್ಕ ಬರೆದರು. ಸಕ್ಕರೆ, ಈಸ್ಟ್ ಹಾಕಿ ಹುಳಿ ಬರಿಸಿದ ವೈನ್‌ನಲ್ಲಿ ಶೇಕಡಾ 12 ಆಲ್ಕೋಹಾಲ್ ಅಂತ ಹಿಡಿಯಿರಿ. 150 ಎಂ.ಎಲ್. ಲೋಟಕ್ಕೆ 18 ಎಂ.ಎಲ್. ಆಯಿತು. ಒಂದು ಪೆಗ್, ಅಂದರೆ 30 ಎಂ.ಎಲ್. ರಮ್‌ನಲ್ಲಿ ಇರುವುದು ಸುಮಾರು 13. ಹಬ್ಬದ ದಿನ ಮೂರು ಲೋಟ ಅಂದರೆ ನಾಲ್ಕು ಪೆಗ್ಗಿಗಿಂತ ಜಾಸ್ತಿ. ಶುಂಠಿಯೋ ದ್ರಾಕ್ಷಿಯೋ, ಲಿವರ್‌ಗೆ ಗೊತ್ತಾಗಲ್ಲ ಅಂದರು. ಹಾಳಾಗಿದ್ದರಲ್ಲಿ ವೈರಸ್ಸಿನ ಪಾಲೆಷ್ಟು, ವೈನಿನ ಪಾಲೆಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲವಂತೆ. ಎರಡೂ ಸೇರಿದರೆ ಬೇಗ ಕೆಡುತ್ತದೆ, ಅಷ್ಟೇ.

ಮಾತ್ರೆ ತಗೊಂಡೆ. ಸೋಫೋಸ್ಬುವಿರ್, ವೆಲ್ಪಟಸ್ವಿರ್ ಎರಡೂ ಸೇರಿದ್ದು, ದಿನಕ್ಕೊಂದು, 12 ವಾರ. ಮುಗಿದು 12 ವಾರದ ಮೇಲೆ ಪರೀಕ್ಷೆ ಮಾಡಿದಾಗ ವೈರಸ್ ಇರಲಿಲ್ಲ. ನೂರಕ್ಕೆ 95 ಜನಕ್ಕೆ ಹೀಗೇ ಗುಣವಾಗುತ್ತದೆ. ಆದರೆ ಸಿರೋಸಿಸ್ ಮಾತ್ರೆಯಿಂದ ಹೋಗಲಿಲ್ಲ. ಕ್ಯಾನ್ಸರ್ ಬಂದಿದೆಯಾ ನೋಡಲು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಬದುಕಿರುವವರೆಗೂ. ಕುಡಿತ ಈಗಲೂ ಇಲ್ಲ.

ಹಾಗಾಗಿ ಒಂದು ಲೋಟವಾ ಅರ್ಧ ಲೋಟವಾ ಅಂತ ನಾನು ತೂಗಿ ಹೇಳಲ್ಲ. ಸೊನ್ನೆ. ಬಿಯರೂ ಸೇರಿ. ಮತ್ತೆ ನೀವು ಮಾತ್ರೆಯ ವಿಚಾರವನ್ನೇ ಎತ್ತಿಲ್ಲ, ನನಗೆ ಸಿಟ್ಟು ಬಂದಿದ್ದು ಅದಕ್ಕೆ. 2018ರಿಂದ ಸರ್ಕಾರದ ಯೋಜನೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ನಾಳೆಯೇ ವಿಚಾರಿಸಿ. ಮೊದಲು ಕುಡಿತ ಬಿಟ್ಟು ಆಮೇಲೆ ಹೋಗ್ತೀನಿ ಅಂತಲೂ ಕೂರಬೇಡಿ.

ನೆಪ ಹುಡುಕಬೇಡಿ. ಹೆಸರು ಹಿಡಿದೇ ಹೇಳಿ. ಊಟ, ತಟ್ಟೆ, ಲೋಟದಿಂದ ಇದು ಹರಡಲ್ಲ, ರಕ್ತದಿಂದ ಹರಡೋದು. ರೇಜರ್, ಬ್ರಷ್ ಮಾತ್ರ ಬೇರೆ ಇರಲಿ.

ನಾನು ಕೊನೆಗೆ ದೊಡ್ಡಮ್ಮನ ಹತ್ತಿರ ಹೇಳಿದೆ. ಕಡಂಬಿಟ್ಟು ಕಟ್ಟುತ್ತಿದ್ದವರು ಕೈ ನಿಲ್ಲಿಸಿ, "ಹಾಗಾದ್ರೆ ಗ್ಯಾಸ್ಟ್ರಿಕ್ ಇರಲೇ ಇಲ್ವಾ?" ಅಂದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಯಾವಾಗಲೂ ಕೊಡುವ ಅದೇ ಲೋಟದಲ್ಲಿ ಬೆಲ್ಲದ ಕಾಫಿ ತಂದಿಟ್ಟರು.