ಹೊಸ ಸ್ಪ್ಲೆಂಡರ್: 40 ದಾಟಲೇಬಾರದಾ?

ಹೊಸ ಬೈಕ್ ಸಾವಿರ ಕಿಲೋಮೀಟರ್ ಓಡುವವರೆಗೆ ಗಂಟೆಗೆ 40 ಕಿಲೋಮೀಟರ್ ವೇಗ ದಾಟಬೇಡ ಎಂದು ಮನೆಯಲ್ಲಿ ಹೇಳಿದ್ದಾರೆ, ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲದೆ ಗಿಯರ್ ಯಾವಾಗ ಬದಲಿಸಲಿ ಎಂದು ಕೇಳಿದ್ದೀರಿ, ಅಲ್ವಾ?

40 ಅನ್ನುವ ಅಂಕಿಯನ್ನೇ ಹಿಡಿದು ಕೂರಬೇಡಿ. ನಾಲ್ಕನೇ ಗಿಯರ್‌ನಲ್ಲಿ 40 ಎಂದರೆ ಇಂಜಿನ್‌ಗೆ ಆರಾಮ. ಅದೇ 40 ಎರಡನೇ ಗಿಯರ್‌ನಲ್ಲಾದರೆ ಅದು ಕಿರುಚುತ್ತಿರುತ್ತದೆ. ಹೊಸ ಪಿಸ್ಟನ್ ರಿಂಗ್‌ಗಳು ಸಿಲಿಂಡರ್ ಗೋಡೆಗೆ ಉಜ್ಜಿ ಉಜ್ಜಿ ಹೊಂದಿಕೊಳ್ಳಬೇಕು. ಅದಕ್ಕೆ ವೇಗ ಏರುತ್ತಾ ಇಳಿಯುತ್ತಾ ಇರಬೇಕು. ಹೈವೇಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವುದಕ್ಕಿಂತ ಊರೊಳಗಿನ ಓಡಾಟವೇ ವಾಸಿ. ಆಗಾಗ 50 ಮುಟ್ಟಿದರೆ ಏನೂ ಆಗುವುದಿಲ್ಲ, ಥ್ರಾಟಲ್ ಪೂರ್ತಿ ತಿರುಚಬೇಡಿ ಅಷ್ಟೇ.

ನಾನು ಸುಮಾರು 15ಕ್ಕೆ ಎರಡನೇ, 25ಕ್ಕೆ ಮೂರನೇ, 35 ದಾಟಿದ ಮೇಲೆ ನಾಲ್ಕನೇ ಗಿಯರ್ ಹಾಕುತ್ತಿದ್ದೆ. ಆದರೆ ಮೀಟರ್‌ಗಿಂತ ಕಿವಿಯನ್ನು ನಂಬಿ. ಸದ್ದು ಬಿಗಿಯಾದರೆ ಮೇಲಿನ ಗಿಯರ್. ಏರಿನಲ್ಲಿ ಗಾಡಿ ಗಡಗಡ ನಡುಗಿದರೆ ತಕ್ಷಣ ಒಂದು ಗಿಯರ್ ಇಳಿಸಿ. ಮೈಲೇಜ್ ಆಸೆಗೆ 25ರಲ್ಲೇ ಟಾಪ್ ಗಿಯರ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿಸುವವರು ಜಾಸ್ತಿ. ಹೊಸ ಇಂಜಿನ್‌ಗೆ ಅದು ವೇಗಕ್ಕಿಂತ ದೊಡ್ಡ ಹಿಂಸೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಅರ್ಧ ನಿಮಿಷ ಬಿಟ್ಟು ಹೊರಡಿ, ಸುಮ್ನೆ ನಿಂತಲ್ಲೇ ರೇಸ್ ಮಾಡಬೇಡಿ. ಮೊದಲ ಸರ್ವಿಸ್ ಮಾತ್ರ ತಪ್ಪಿಸಬೇಡಿ. ಉಜ್ಜಿದ ಲೋಹದ ಪುಡಿಯೆಲ್ಲ ಆಗ ಬದಲಿಸುವ ಹಳೇ ಆಯಿಲ್‌ನಲ್ಲೇ ಇರುತ್ತದೆ.