ಕಾನೂನು ಪ್ರಶ್ನೋತ್ತರ: ಹಳೆಯ ಉಯಿಲು, ಬದಲಾದ ಸಂಸಾರ

ಪ್ರಶ್ನೆ: 2009ರಲ್ಲಿ ಉಯಿಲು ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದ್ದೇನೆ. ಆಸ್ತಿಯೆಲ್ಲವೂ ನನ್ನ ಸ್ವಯಾರ್ಜಿತ. ವಾಸದ ಮನೆಯನ್ನು ಮಗನಿಗೂ, ನಿವೇಶನವನ್ನು ಮಗಳಿಗೂ, ಬ್ಯಾಂಕಿನ ಠೇವಣಿಗಳನ್ನು ಪತ್ನಿಗೂ ಬರೆದಿದ್ದೆ. ಆಮೇಲೆ ನಿವೇಶನವನ್ನು ಮಾರಿ ಆ ಹಣದಲ್ಲಿ ಫ್ಲ್ಯಾಟ್ ಕೊಂಡೆ. ಪತ್ನಿ ತೀರಿಕೊಂಡರು, ಕಳೆದ ವರ್ಷ ಮಗನೂ ಹೋದ. ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು ನನ್ನ ಜೊತೆಗಿದ್ದಾರೆ. ನೋಂದಣಿಯಾದ ಉಯಿಲು ಇರುವಾಗ ಮತ್ತೇನೂ ಮಾಡಬೇಕಾಗಿಲ್ಲ ಎಂದು ಪರಿಚಿತರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಸರಿಯಲ್ಲ. ನೋಂದಣಿಯಿಂದ ಆ ಕಾಗದ ನೀವೇ ಬರೆದದ್ದು ಎಂಬುದಕ್ಕೆ ಬಲ ಬರುತ್ತದೆಯೇ ಹೊರತು, ಅದರಲ್ಲಿ ಬರೆದದ್ದು ಇಂದಿಗೂ ಹೊಂದುತ್ತದೆ ಎಂಬ ಖಾತರಿ ಸಿಗುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಯಿಲಿನ ನೋಂದಣಿ ಕಡ್ಡಾಯವೂ ಅಲ್ಲ. ಕ್ರಮಬದ್ಧವಾಗಿ ಬರೆದ ನಂತರದ ಉಯಿಲು ನೋಂದಣಿಯಾಗದಿದ್ದರೂ ಹಿಂದಿನ ನೋಂದಾಯಿತ ಉಯಿಲನ್ನು ಬದಿಗೆ ಸರಿಸಬಲ್ಲದು.

ನೀವು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟವರೆಂದು ಭಾವಿಸಿ, ಈಗಿರುವ ಉಯಿಲಿನಿಂದ ಏನಾಗುತ್ತದೆಂದು ನೋಡೋಣ. ಮಗಳಿಗೆ ಬರೆದ ನಿವೇಶನ ನಿಮ್ಮ ಮರಣಕಾಲಕ್ಕೆ ನಿಮ್ಮದಾಗಿರುವುದಿಲ್ಲವಾದ್ದರಿಂದ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 152ನೆಯ ಕಲಂ ಪ್ರಕಾರ ಆ ಕೊಡುಗೆಯೇ ಇಲ್ಲವಾಗುತ್ತದೆ. ಅದೇ ಹಣದಲ್ಲಿ ಕೊಂಡ ಫ್ಲ್ಯಾಟು ನಿವೇಶನದ ಬದಲಿಗೆ ತಾನಾಗಿ ಮಗಳ ಪಾಲಿಗೆ ಬರುವುದಿಲ್ಲ. ಪತ್ನಿಗೆ ಬರೆದ ಠೇವಣಿಗಳೂ, ಅವರು ನಿಮಗಿಂತ ಮೊದಲೇ ತೀರಿಕೊಂಡದ್ದರಿಂದ, ಯಾರಿಗೂ ಬರೆಯದ ಆಸ್ತಿಯಂತೆ ಉಳಿಯುತ್ತವೆ. "ಮೇಲೆ ಹೇಳದ ಉಳಿದ ಆಸ್ತಿಯೆಲ್ಲ ಇಂಥವರಿಗೆ" ಎಂಬ ಶೇಷ ಆಸ್ತಿಯ ವಾಕ್ಯ ನಿಮ್ಮ ಉಯಿಲಿನಲ್ಲಿ ಇಲ್ಲದಿದ್ದರೆ, ಫ್ಲ್ಯಾಟು ಮತ್ತು ಠೇವಣಿ ಎರಡರಲ್ಲೂ ಅರ್ಧ ಮಗಳಿಗೆ, ಇನ್ನರ್ಧ ತೀರಿಕೊಂಡ ಮಗನ ಶಾಖೆಗೆ, ಅಂದರೆ ಸೊಸೆ ಮತ್ತು ಮೊಮ್ಮಕ್ಕಳಿಗೆ, ಹಂಚಿಕೆಯಾಗುತ್ತದೆ.

ಮನೆಯ ವಿಷಯ ಇನ್ನೂ ಸೂಕ್ಷ್ಮ. ಸಾಮಾನ್ಯವಾಗಿ, ಆಸ್ತಿ ಪಡೆಯಬೇಕಾದವರು ಮೊದಲೇ ತೀರಿಕೊಂಡರೆ ಕೊಡುಗೆ ಬಿದ್ದುಹೋಗುತ್ತದೆ. ಆದರೆ ಅವರು ಉಯಿಲು ಬರೆದವರ ಮಗನೋ ಮಗಳೋ ಆಗಿದ್ದು, ಅವರಿಗೆ ಸಂತಾನವಿದ್ದರೆ, ಅದೇ 1925ರ ಕಾಯ್ದೆಯ 109ನೆಯ ಕಲಂ ಅದನ್ನು ಉಳಿಸುತ್ತದೆ. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವುದೆಂದರೆ, ಆಸ್ತಿ ನೇರವಾಗಿ ಮೊಮ್ಮಕ್ಕಳ ಕೈಗೆ ಹೋಗುತ್ತದೆ ಎಂದು. ಹಾಗಲ್ಲ, ಮಗ ನಿಮ್ಮ ನಂತರ ತೀರಿಕೊಂಡಿದ್ದರೆ ಹೇಗೋ ಹಾಗೆ ಅದು ಅವನ ಆಸ್ತಿಯಾಗಿ ಎಣಿಕೆಯಾಗುತ್ತದೆ. ಅವನು ಉಯಿಲು ಬರೆಯದಿದ್ದರೆ ಸೊಸೆ ಮತ್ತು ಇಬ್ಬರು ಮಕ್ಕಳಿಗೆ ಸಮಪಾಲು. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಮಾರಲು ಪೋಷಕರು ನ್ಯಾಯಾಲಯದ ಅನುಮತಿ ಪಡೆಯಬೇಕಾಗುತ್ತದೆ.

ಈ ಫಲಿತಾಂಶ ನಿಮಗೆ ಒಪ್ಪಿಗೆಯೇ ಇರಬಹುದು. ಆದರೆ ಇದು ನೀವು 2009ರಲ್ಲಿ ಮಾಡಿದ ತೀರ್ಮಾನವೂ ಅಲ್ಲ, ಇಂದು ಮಾಡಿದ ತೀರ್ಮಾನವೂ ಅಲ್ಲ. ಸಣ್ಣ ಬದಲಾವಣೆಗೆ ಪೂರಕ ಉಯಿಲು ಸಾಕಾಗುತ್ತದೆಯಾದರೂ, ಮೂರೂ ಕೊಡುಗೆಗಳು ಅಲುಗಾಡಿರುವಾಗ ಹೊಸದನ್ನೇ ಬರೆಯುವುದು ಲೇಸು. ಅದರಲ್ಲಿ ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ ಎಂದು ಸ್ಪಷ್ಟವಾಗಿ ಬರೆಯಿರಿ, ಶೇಷ ಆಸ್ತಿಯ ವಾಕ್ಯವನ್ನು ಮರೆಯಬೇಡಿ, ಒಬ್ಬರ ಹೆಸರಿನ ಜೊತೆಗೆ "ಅವರು ಇಲ್ಲದಿದ್ದರೆ ಇಂಥವರಿಗೆ" ಎಂದು ಎರಡನೆಯ ಹೆಸರನ್ನೂ ಸೇರಿಸಿ. ಹಳೆಯ ಪ್ರತಿಯ ಮೇಲೆಯೇ ಪೆನ್ನಿನಿಂದ ಗೀಟೆಳೆದು ತಿದ್ದಲು ಹೋಗಬೇಡಿ. ಸಹಿ ಮತ್ತು ಸಾಕ್ಷಿಗಳಿಲ್ಲದ ಅಂಥ ತಿದ್ದುಪಡಿಗೆ ಬೆಲೆಯಿಲ್ಲ.

ಪ್ರಶ್ನೆ: ನಾನು ಉದ್ಯೋಗಸ್ಥೆ. ಪತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ತಾಯಿಯ ಜೊತೆ ವಾಸವಾಗಿದ್ದು, ಎಲ್ಲ ಖಾತೆಗಳಿಗೂ ಅವರನ್ನೇ ನಾಮಿನಿ ಮಾಡಿದ್ದೇನೆ. ಇಷ್ಟಿದ್ದ ಮೇಲೆ ಉಯಿಲು ಬೇಕೇ?

ಉತ್ತರ: ಈ ಅಂಕಣಕ್ಕೆ ಪತ್ರ ಬರೆದವರಲ್ಲಿ ತುರ್ತಾಗಿ ಉಯಿಲು ಬೇಕಾಗಿರುವುದು ನಿಮಗೇ. ನಾಮಿನಿ ಎಂದರೆ ಬ್ಯಾಂಕು ಹಣವನ್ನು ಯಾರ ಕೈಗೆ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದು ಎಂಬುದರ ಸೂಚನೆ; ಆ ಹಣದ ಒಡೆತನ ವಾರಸುದಾರರದು. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿತು. ಜೀವವಿಮೆಗೆ ಸಂಬಂಧಿಸಿ 2015ರ ತಿದ್ದುಪಡಿ ತಂದೆ, ತಾಯಿ, ಸಂಗಾತಿ, ಮಕ್ಕಳಿಗೆ ಹೆಚ್ಚಿನ ಹಕ್ಕು ಕೊಡುವಂತೆ ಬರೆಯಲಾಗಿದೆಯಾದರೂ, ಹೈಕೋರ್ಟುಗಳು ಅದನ್ನು ಒಂದೇ ರೀತಿಯಲ್ಲಿ ಅರ್ಥೈಸಿಲ್ಲ.

ಹಾಗಾದರೆ ನಿಮ್ಮ ವಾರಸುದಾರರು ಯಾರು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೆಯ ಕಲಂನಲ್ಲಿ ಮಹಿಳೆಯ ಆಸ್ತಿ ಮೊದಲು ಮಕ್ಕಳಿಗೂ ಪತಿಗೂ, ಅವರಿಲ್ಲದಿದ್ದರೆ ಪತಿಯ ವಾರಸುದಾರರಿಗೆ, ಅದಾದ ಮೇಲೆ ಮಾತ್ರ ಹೆತ್ತ ತಾಯಿತಂದೆಯರಿಗೆ ಹೋಗುತ್ತದೆ. ತವರಿನಿಂದ ಉತ್ತರಾಧಿಕಾರವಾಗಿ ಬಂದದ್ದು ತಂದೆಯ ವಾರಸುದಾರರಿಗೆ ಹಿಂದಿರುಗುತ್ತದೆಂಬ ವಿನಾಯಿತಿ ಇದೆ. ಆದರೆ ಸ್ವಂತ ಸಂಪಾದನೆಗೆ ಅದು ಅನ್ವಯಿಸುವುದಿಲ್ಲ. ಪತಿ ತೀರಿಕೊಂಡ ಕೂಡಲೇ ಗಂಡನ ಮನೆಯಿಂದ ಹೊರಹಾಕಲ್ಪಟ್ಟು, ತವರಿನವರ ಆಸರೆಯಲ್ಲಿ ಓದಿ ದುಡಿದ ಮಹಿಳೆಯೊಬ್ಬರ ಗಳಿಕೆಯೂ ಪತಿಯ ಕಡೆಯವರಿಗೇ ಸೇರಬೇಕೆಂದು, ಸಹಾನುಭೂತಿಯಿಂದ ಕಾನೂನನ್ನು ಬದಲಿಸಲಾಗದೆಂದು ಹೇಳಿ, ಸುಪ್ರೀಂ ಕೋರ್ಟ್ 2009ರಲ್ಲಿ ತೀರ್ಪಿತ್ತಿತು. ಈ ಕಲಂ ನ್ಯಾಯಸಮ್ಮತವೆಂದು ನನಗೆ ಅನ್ನಿಸುವುದಿಲ್ಲ. ಆದರೂ ಅದು ಬದಲಾಗುವವರೆಗೆ, ತಾಯಿಗೆ ಆಸ್ತಿ ಸೇರಬೇಕೆಂದಿದ್ದರೆ ಉಯಿಲು ಬರೆಯಲೇಬೇಕು. ತಾಯಿ ವಯಸ್ಸಾದವರಾದ್ದರಿಂದ ಅವರ ನಂತರದ ಹೆಸರನ್ನೂ ಅದರಲ್ಲೇ ಸೂಚಿಸಿ, ಮುಂದೆ ಮರುಮದುವೆಯಂಥ ಬದಲಾವಣೆಯಾದರೆ ಮತ್ತೆ ತೆಗೆದು ಓದಿ. ಹಿಂದೂಗಳ ಉಯಿಲು ಮದುವೆಯಿಂದ ತಾನಾಗಿ ರದ್ದಾಗುವುದಿಲ್ಲ. ಕ್ರೈಸ್ತರದು ಮತ್ತು ಪಾರ್ಸಿಗಳದು ರದ್ದಾಗುತ್ತದೆ. ವಿಚ್ಛೇದನದಿಂದಂತೂ ಯಾರ ಉಯಿಲೂ ತಾನಾಗಿ ರದ್ದಾಗದು, ಹೀಗಾಗಿ ಹಳೆಯ ಕಾಗದದಲ್ಲಿ ಮಾಜಿ ಸಂಗಾತಿಯ ಹೆಸರು ಹಾಗೆಯೇ ಉಳಿದುಬಿಡುತ್ತದೆ.

ಪ್ರಶ್ನೆ: ಉಯಿಲಿಗೆ ಛಾಪಾ ಕಾಗದ ಬೇಕೇ? ಮಗನೇ ಸಾಕ್ಷಿ ಹಾಕಬಹುದೇ?

ಉತ್ತರ: ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸಹಿ ಹಾಗೂ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅವರು ಒಳಗಿನ ಬರಹವನ್ನು ಓದಬೇಕಾಗಿಲ್ಲ. ಆಸ್ತಿ ಪಡೆಯುವವರು ಸಾಕ್ಷಿಯಾದರೆ ಅವರ ಕೊಡುಗೆ ರದ್ದಾಗುತ್ತದೆಂಬ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 67ನೆಯ ಕಲಂ ಹಿಂದೂಗಳಿಗೆ ಅನ್ವಯಿಸದಿದ್ದರೂ, ಉಯಿಲಿನ ಮೇಲೆ ಅನುಮಾನ ಹುಟ್ಟಿಸಲು ಎದುರಾಳಿ ವಕೀಲರಿಗೆ ಅಷ್ಟೇ ಸಾಕಾಗುತ್ತದೆ, ಆದ್ದರಿಂದ ಮಗ ಬೇಡ. ನಿಮಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲಿಲ್ಲದ ಪರಿಚಿತರನ್ನು ಆರಿಸಿಕೊಳ್ಳಿ. ವಿವಾದವಾದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ, ಇಬ್ಬರೂ ಇಲ್ಲವಾಗಿದ್ದರೆ ಅವರ ಕೈಬರಹವನ್ನು ಗುರುತಿಸಬಲ್ಲವರನ್ನು ಹುಡುಕಬೇಕಾಗುತ್ತದೆ. ಸಾಕ್ಷಿಗಳು ಇಬ್ಬರೂ ತೀರಿಕೊಂಡದ್ದು ನಿಮ್ಮ ಗಮನಕ್ಕೆ ಬಂದರೆ, ಉಯಿಲಿನಲ್ಲಿ ಒಂದಕ್ಷರ ಬದಲಾಗದಿದ್ದರೂ, ಹೊಸ ಸಾಕ್ಷಿಗಳೊಂದಿಗೆ ಅದನ್ನು ಮತ್ತೆ ಬರೆದು ಸಹಿ ಹಾಕಿಡಿ.